ಬೆರಳಿನ ಪಿಸುಮಾತು ಪ್ಯಾಡಿಗೂ ಕೇಳಿಸಲಿ

‘ಇದೇನೋ ಮಗಾ, ಬರೀ ಕೂಗಾಟಾನೇ ಆಯ್ತಲ್ಲ! ಇದರಲ್ಲಿ ಪಿಸುಮಾತು ಅನ್ನೋದೇ ಇಲ್ವಾ?’

ಯುಗಾದಿ ರಜೆಗೆ ಊರಿಗೆ ಹೋದಾಗ ನನ್ನ ಡ್ರಮ್ ಪ್ಯಾಡ್ ಕೇಳಿ ಚಿಕ್ಕಪ್ಪ ಹೇಳಿದ ಮಾತಿದು. ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ ಪ್ಯಾಡ್ ಅದು. ಅಂಗೈ ಅಗಲದ ಪೆಟ್ಟಿಗೆ, ಮೇಲೆ ನಾಲ್ಕು ಸಾಲುಗಳಲ್ಲಿ 16 ರಬ್ಬರ್ ಚೌಕಗಳು. ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬೆರಳಿನಿಂದ ತಟ್ಟಿದರೆ ಡ್ರಮ್, ಢೋಲಕ್, ತಬಲಾ ಯಾವುದು ಬೇಕೋ ಅದು. ಇದಕ್ಕೆ ಫಿಂಗರ್ ಡ್ರಮ್ಮಿಂಗ್ ಎನ್ನುತ್ತಾರೆ. ಟ್ಯೂಷನ್ ಹೇಳಿಕೊಟ್ಟು ಕೂಡಿಸಿದ ದುಡ್ಡಿನಲ್ಲಿ ಕೊಂಡಿದ್ದೆ. ಚಿಕ್ಕಪ್ಪನ ಮಾತು ಕೇಳಿ ಮುಖ ಸಣ್ಣದಾಯಿತು.

ಬೇರೆ ಯಾರಾದರೂ ಹೇಳಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಚಿಕ್ಕಪ್ಪ ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಢೋಲಕ್ ನುಡಿಸಿದವರು. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಅವರು ಮನೆಯಲ್ಲಿ ಮಲಗಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇ ಇಲ್ಲ. ಆಮೇಲೆ ಸ್ಟೇಜಿಗೆ ರಿದಂ ಪ್ಯಾಡ್ ಬಂತು. ಒಬ್ಬರೇ ನಿಂತು ಕೋಲಿನಿಂದ ಢೋಲಕ್, ತಬಲಾ, ತಮಟೆ ಎಲ್ಲವನ್ನೂ ನುಡಿಸುತ್ತಾರೆ. ಆಯೋಜಕರಿಗೆ ಒಬ್ಬರ ಸಂಭಾವನೆ ಉಳಿಯುತ್ತದೆ, ವ್ಯಾನಿನಲ್ಲಿ ಒಂದು ಸೀಟೂ ಉಳಿಯುತ್ತದೆ. ಚಿಕ್ಕಪ್ಪನ ಫೋನ್ ರಿಂಗಾಗುವುದು ಕಡಿಮೆಯಾಯಿತು. ಈಗ ಅವರು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ವಾರಕ್ಕೊಮ್ಮೆ ಭಜನೆಗೆ ನುಡಿಸುತ್ತಾರೆ. ಅಂಥ ಮನೆಗೆ ನಾನೇ ಒಂದು ಪ್ಯಾಡ್ ಹಿಡಿದುಕೊಂಡು ಹೋಗಿದ್ದೆ!

ಅವರ ಮಾತಿನಲ್ಲಿ ಹಳೆಯ ನೋವೂ ಇದ್ದಿರಬಹುದು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ನಾನು ಮೆಲ್ಲಗೆ ಮುಟ್ಟಿದರೆ ಪ್ಯಾಡ್ ಉಸಿರೇ ಎತ್ತುತ್ತಿರಲಿಲ್ಲ. ಸ್ವಲ್ಪ ಬಲ ಹಾಕಿದರೆ ಧಡ್ ಎಂದು ಕಿರುಚುತ್ತಿತ್ತು. ನಡುವೆ ಏನೂ ಇಲ್ಲ. ಢೋಲಕ್ ಕೇಳಿದವರಿಗೆ ಗೊತ್ತು, ಅದರ ರುಚಿ ಇರುವುದು ದೊಡ್ಡ ಹೊಡೆತದಲ್ಲಲ್ಲ. ಎರಡು ದೊಡ್ಡ ಹೊಡೆತಗಳ ನಡುವೆ ಬೆರಳ ತುದಿ ಸುಮ್ಮನೆ ತಾಕಿ ಹೋಗುವ ಸಣ್ಣ ಸದ್ದುಗಳೇ ತಾಳವನ್ನು ನಡೆಸುವುದು. ಪಾಶ್ಚಾತ್ಯ ಡ್ರಮ್ ನುಡಿಸುವವರೂ ಸ್ನೇರ್ ಮೇಲಿನ ಇಂಥ ಹೊಡೆತಗಳಿಗೆ ‘ಘೋಸ್ಟ್ ನೋಟ್’ ಎನ್ನುತ್ತಾರೆ. ಕಿವಿಗೆ ಬಿದ್ದೂ ಬೀಳದಂತೆ ಇರಬೇಕಾದ ಹೊಡೆತಗಳವು. ನನ್ನ ಪ್ಯಾಡಿನಲ್ಲಿ ಅವೇ ನಾಪತ್ತೆ.

ನನ್ನ ಬೆರಳೇ ಸರಿಯಿಲ್ಲ ಅಂದುಕೊಂಡೆ. ಹಾಸ್ಟೆಲ್ ಗೆಳೆಯರು ‘ಇನ್ನೂ ದುಬಾರಿ ಪ್ಯಾಡ್ ತಗೋ’ ಎಂದರು. ಕಾಲೇಜಿನ ಬ್ಯಾಂಡಿನ ಗಿಟಾರಿಸ್ಟ್ ‘ಬಟನ್ ಒತ್ತೋದೂ ಸಂಗೀತಾನಾ ಗುರು?’ ಎಂದ. ಮೂರೂ ತಪ್ಪು ಎಂದು ಈಗ ನನಗೆ ಖಾತ್ರಿಯಾಗಿದೆ. ಪ್ಯಾಡ್ ಕೊಂಡ ಬಹುಪಾಲು ನಮ್ಮಂಥವರು ಡಬ್ಬಿ ತೆರೆದು, ಕೇಬಲ್ ಸಿಕ್ಕಿಸಿ, ಕಂಪನಿ ಇಟ್ಟುಕೊಟ್ಟ ಸೆಟ್ಟಿಂಗ್‌ನಲ್ಲೇ ನುಡಿಸಲು ಶುರು ಮಾಡುತ್ತೇವೆ. ಮೃದಂಗ ನುಡಿಸುವವರು ಕಛೇರಿಗೆ ಮೊದಲು ಶ್ರುತಿ ಮಾಡಿಕೊಳ್ಳುತ್ತಾರೆ, ಎಡಮುಖಕ್ಕೆ ರವೆಯ ಹಿಟ್ಟು ಹಚ್ಚುತ್ತಾರೆ. ಚಿಕ್ಕಪ್ಪ ಢೋಲಕ್‌ನ ಹಗ್ಗ ಬಿಗಿ ಮಾಡದೆ ಒಂದು ಪೆಟ್ಟೂ ಹಾಕುವುದಿಲ್ಲ. ಪ್ಯಾಡ್ ಮಾತ್ರ ಹಾಗೇ ಬಂದು ಹಾಗೇ ನುಡಿಯಬೇಕು ಎಂದು ನಾವೇಕೆ ಬಯಸುತ್ತೇವೆ?

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಆ ರಬ್ಬರ್ ಚೌಕದ ಕೆಳಗೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಒತ್ತಿದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಆ ಬದಲಾವಣೆ ಅಂಕಿಯಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ. 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿಯಲ್ಲಿ ಪ್ರತಿ ಹೊಡೆತದ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕಿ ಸಿಗುತ್ತದೆ. ಅದಕ್ಕೆ ವೆಲಾಸಿಟಿ ಎಂದು ಹೆಸರು. ಇದೆಲ್ಲ ಕ್ಲಾಸಿನಲ್ಲಿ ಓದಿದ ಪಾಠಕ್ಕೆ ಹತ್ತಿರದ್ದೇ. ಪರೀಕ್ಷೆಗೆ ಓದಿದ್ದೆ, ಅಂಕವೂ ಬಂದಿತ್ತು. ಮೇಜಿನ ಮೇಲಿದ್ದ ಪೆಟ್ಟಿಗೆಗೂ ಅದಕ್ಕೂ ಸಂಬಂಧ ಇದೆಯೆಂದು ಮಾತ್ರ ಹೊಳೆದಿರಲಿಲ್ಲ!

ರಜೆ ಮುಗಿಸಿ ಬಂದ ಮೇಲೆ ಒಂದು ಭಾನುವಾರ ಕೂತೆ. ಬರುವ ಅಂಕಿಗಳನ್ನು ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಒಂದೊಂದು ಪ್ಯಾಡಿಗೂ ಮೆಲ್ಲಗೆ 20, ಮಧ್ಯಮವಾಗಿ 20, ಜೋರಾಗಿ 20 ಹೊಡೆತ ಕೊಟ್ಟು ಎಕ್ಸೆಲ್‌ನಲ್ಲಿ ಬರೆದುಕೊಂಡೆ. ಮೊದಲು ಸಿಕ್ಕಿದ್ದು ನಗು ಬರಿಸುವ ಉತ್ತರ. ಯಾವ ಹೊಡೆತ ಕೊಟ್ಟರೂ 127! ‘ಫುಲ್ ಲೆವೆಲ್’ ಎಂಬ ಗುಂಡಿ ಆನ್ ಆಗಿತ್ತು. ಡಿಜೆ ಬೀಟ್ ಮಾಡುತ್ತಿದ್ದ ಸೀನಿಯರ್‌ಗೆ ಅದು ಬೇಕಿತ್ತೇನೋ, ಆರಿಸದೆ ಕೊಟ್ಟಿದ್ದರು. ಎರಡು ತಿಂಗಳು ನಾನು ಅದನ್ನು ನೋಡಿಯೇ ಇರಲಿಲ್ಲ.

ಅದನ್ನು ಆರಿಸಿದರೂ ಪೂರ್ತಿ ಸರಿಹೋಗಲಿಲ್ಲ. ಮೆಲ್ಲನೆಯ ಹೊಡೆತಗಳಲ್ಲಿ ಅರ್ಧಕ್ಕರ್ಧ ಬರುತ್ತಲೇ ಇರಲಿಲ್ಲ. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಸೆನ್ಸಿಟಿವಿಟಿಯನ್ನು, ಅಂದರೆ ಗೇನ್ ಅನ್ನು ತುದಿಗೆ ಏರಿಸಿದೆ. ಮೆಲ್ಲನೆಯವು ಬಂದವು, ಆದರೆ 90, 100 ಎಂದೇ ಬಂದವು. ಜೋರಿನವು 127ಕ್ಕೆ ಅಂಟಿಕೊಂಡವು. ಮತ್ತೆ ಕೂಗಾಟ.

ಆಗ ತಿಳಿಯಿತು. ಸೂಕ್ಷ್ಮ ಎಂದರೆ ಸಣ್ಣ ಸ್ಪರ್ಶಕ್ಕೂ ದೊಡ್ಡ ಸದ್ದು ಬರುವುದಲ್ಲ. ಸಣ್ಣದು ಸಣ್ಣದಾಗಿ, ದೊಡ್ಡದು ದೊಡ್ಡದಾಗಿ, ನಡುವಿನದು ನಡುವಿನದಾಗಿ ಬರಬೇಕು. ಮೆಲ್ಲನೆಯ ಹೊಡೆತ ಕಳೆದುಹೋಗುತ್ತಿದ್ದರೆ ಮೊದಲು ತಿರುಗಿಸಬೇಕಾದ್ದು ಗೇನ್ ಅಲ್ಲ, ಥ್ರೆಶೋಲ್ಡ್. ಅದು ಮನೆಯ ಹೊಸ್ತಿಲಿನ ಹಾಗೆ. ಹೊಸ್ತಿಲು ಎತ್ತರ ಇದ್ದರೆ ಅಂಬೆಗಾಲಿಡುವ ಮಗು ಒಳಗೆ ಬರಲಾರದು. ತೀರಾ ತಗ್ಗಿಸಿದರೆ ಬೇಡದ್ದೂ ನುಗ್ಗುತ್ತದೆ. ಮೇಜಿಗೆ ಮೊಣಕೈ ತಾಗಿದರೂ ಢೋಲಕ್ ಬಾರಿಸುತ್ತದೆ, ಒಂದು ಪ್ಯಾಡ್ ಹೊಡೆದರೆ ಪಕ್ಕದ್ದೂ ಮಾತಾಡುತ್ತದೆ. ನಾನು ಥ್ರೆಶೋಲ್ಡ್ ಅನ್ನು ಪೂರ್ತಿ ತಗ್ಗಿಸಿ, ಮೇಜು ಗುದ್ದುತ್ತಾ, ಸುಳ್ಳು ಸದ್ದು ನಿಲ್ಲುವವರೆಗೆ ಒಂದೊಂದೇ ಹೆಜ್ಜೆ ಏರಿಸಿದೆ. ಪ್ಯಾಡಿನ ಕೆಳಗೆ ಮಡಚಿದ ಟವೆಲ್ ಹಾಕಿದ ಮೇಲೆ ಇನ್ನೂ ಎರಡು ಹೆಜ್ಜೆ ತಗ್ಗಿಸಲು ಆಯಿತು. ರಾತ್ರಿ ಟಪಟಪ ಸದ್ದಿಗೆ ಬೈಯುತ್ತಿದ್ದ ಪಕ್ಕದ ರೂಮಿನವನೂ ಸುಮ್ಮನಾದ.

ಆಮೇಲೆ ಗೇನ್. ಕೈ ನೋಯದಂತೆ ನಾನು ಹೊಡೆಯಬಲ್ಲ ಅತಿ ಜೋರಿನ ಹೊಡೆತ 120ರ ಆಸುಪಾಸು ಬರುವಷ್ಟಕ್ಕೆ ಇಳಿಸಿದೆ. ಕೊನೆಯದು ವೆಲಾಸಿಟಿ ಕರ್ವ್, ಅಂದರೆ ಬಲ ಏರಿದಂತೆ ಅಂಕಿ ಹೇಗೆ ಏರಬೇಕು ಎನ್ನುವ ಗೆರೆ. ಒಂದು ನೇರವಾಗಿ ಏರುತ್ತದೆ. ಒಂದು ಶುರುವಿನಲ್ಲೇ ಕಡಿದಾಗಿ ಏರಿ ಆಮೇಲೆ ಮಟ್ಟಸವಾಗುತ್ತದೆ. ಹಗುರ ಬೆರಳಿನವರಿಗೆ ಮೊದಲಿಗೆ ಖುಷಿ ಕೊಡುವುದು ಇದೇ, ಯಾಕೆಂದರೆ ಮುಟ್ಟಿದರೆ ಸದ್ದು. ಇನ್ನೊಂದು ಶುರುವಿನಲ್ಲಿ ನಿಧಾನಕ್ಕೆ ಏರಿ ಕೊನೆಗೆ ಕಡಿದಾಗುತ್ತದೆ. ಮೆಲ್ಲನೆಯ ಹೊಡೆತಗಳಿಗೆ ಹೆಚ್ಚು ಜಾಗ ಸಿಗುವುದು ಇದರಲ್ಲಿ. ನನಗೆ ಒಗ್ಗಿದ್ದು ಈ ಮೂರನೆಯದು, ನಿಮಗೆ ಬೇರೆ ಇರಬಹುದು. ಕಂಪನಿಗಳು ಕರ್ವ್‌ಗಳಿಗೆ ತಮಗೆ ತೋಚಿದ ಹೆಸರಿಟ್ಟಿರುತ್ತವೆ. ಹೆಸರು ನಂಬಬೇಡಿ, ಅಂಕಿ ನೋಡಿ. ಮೂರು ಬಗೆಯ ಹೊಡೆತಗಳ ಅಂಕಿಗಳು ಒಂದರ ಮೇಲೊಂದು ಬೀಳದೆ ಬೇರೆ ಬೇರೆ ನಿಂತರೆ ಪ್ಯಾಡ್ ನಿಮ್ಮ ಕೈಗೆ ಶ್ರುತಿಯಾಯಿತು ಎಂದರ್ಥ.

ಇನ್ನೆರಡು ಮಾತು. ನಾನು ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ‘ನನಗೆ ಲಯವೇ ಇಲ್ಲ’ ಎಂದು ಕೊರಗುತ್ತಿದ್ದೆ. ಲಯ ಇತ್ತು, ಸದ್ದು ತಡವಾಗಿ ಬರುತ್ತಿತ್ತು. ವೈರ್ ಇರುವ ಇಯರ್‌ಫೋನ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಬಫರ್ ಅನ್ನು 512ರಿಂದ 128ಕ್ಕೆ ಇಳಿಸಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಸುಮಾರು 12 ಮಿಲಿಸೆಕೆಂಡ್ ಇದ್ದ ಬಫರ್ 3ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ ಹಳೆಯದಾಗಿ ಸದ್ದು ಒಡೆದರೆ 256ಕ್ಕೆ ನಿಲ್ಲಿಸಿ. ಇನ್ನು, ಮೂಲೆಯ ಒಂದು ಪ್ಯಾಡ್ ಏನು ಮಾಡಿದರೂ ಮಂಕಾಗಿತ್ತು. ಬಿಚ್ಚಿ, ರಬ್ಬರಿಗೂ ಸೆನ್ಸರಿಗೂ ನಡುವೆ ಇನ್ಸುಲೇಷನ್ ಟೇಪಿನ ಸಣ್ಣ ತುಂಡು ಇಟ್ಟೆ, ಎಚ್ಚೆತ್ತಿತು. ಆಸೆಗೆ ಎರಡನೇ ಪದರ ಹಾಕಿದೆ, ಮುಟ್ಟದಿದ್ದರೂ ಬಡಿದುಕೊಳ್ಳತೊಡಗಿತು. ವಾರಂಟಿ ಇರುವವರು ಈ ಸಾಹಸಕ್ಕೆ ಕೈ ಹಾಕಬೇಡಿ.

‘ಬಟನ್ ಒತ್ತೋದು’ ಎಂದ ಗೆಳೆಯನಿಗೂ ಒಂದು ಉತ್ತರ ಇದೆ. ರೋಜರ್ ಲಿನ್ ಎಂಬ ಅಮೆರಿಕದ ಎಂಜಿನಿಯರ್ ವಿನ್ಯಾಸ ಮಾಡಿ, 1988ರಲ್ಲಿ ಜಪಾನಿನ ಅಕಾಯ್ ಕಂಪನಿ ಮಾರಾಟಕ್ಕೆ ತಂದ ಎಂಪಿಸಿ 60 ಯಂತ್ರದಲ್ಲೂ ಇವೇ 16 ಚೌಕಗಳಿದ್ದವು. ಎಷ್ಟು ಬಲದಲ್ಲಿ ಹೊಡೆದಿರಿ ಎಂಬುದು ಅದಕ್ಕೂ ತಿಳಿಯುತ್ತಿತ್ತು. ಅದೇ ಸರಣಿಯ ಎಂಪಿಸಿ 3000 ಬಳಸಿದ ಡೆಟ್ರಾಯಿಟ್‌ನ ಜೆ ಡಿಲ್ಲಾ, ಯಂತ್ರ ತಾಳವನ್ನು ಗೆರೆ ಎಳೆದಂತೆ ಸರಿಪಡಿಸಲು ಬಿಡದೆ, ಬೆರಳು ಬಿದ್ದಲ್ಲೇ ಹೊಡೆತವನ್ನು ಉಳಿಸಿಕೊಂಡವರು. 2006ರಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆ ಯಂತ್ರ ಇವತ್ತು ವಾಷಿಂಗ್ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಬರೀ ಬಟನ್ ಆಗಿದ್ದರೆ ಅದನ್ನು ಅಲ್ಲಿಡುತ್ತಿರಲಿಲ್ಲ.

ಆದರೆ ಸೆಟ್ಟಿಂಗ್ ಎಲ್ಲ ಮುಗಿದ ಮೇಲೂ ಒಂದು ಕೊರತೆ ಉಳಿಯಿತು. ಸಾಫ್ಟ್‌ವೇರ್‌ನಲ್ಲಿದ್ದ ಢೋಲಕ್‌ಗೆ ಒಂದೇ ಸದ್ದು. ಮೆಲ್ಲಗೆ ಹೊಡೆದರೆ ಅದೇ ಜೋರಿನ ಸದ್ದು ವಾಲ್ಯೂಮ್ ಇಳಿಸಿಕೊಂಡು ಬರುತ್ತಿತ್ತು. ದೂರದಲ್ಲಿ ನಿಂತು ಕೂಗಿದರೆ ಅದು ಪಿಸುಮಾತು ಆಗುವುದಿಲ್ಲವಲ್ಲ! ನಿಜವಾದ ಢೋಲಕ್‌ನಲ್ಲಿ ಮೆಲ್ಲನೆಯ ಹೊಡೆತದ ಬಣ್ಣವೇ ಬೇರೆ.

ಮುಂದಿನ ಸಲ ಊರಿಗೆ ಹೋದಾಗ ಹಿಂಜರಿಯುತ್ತಲೇ ಕೇಳಿದೆ, ‘ಚಿಕ್ಕಪ್ಪ, ನೀವು ನುಡಿಸಿ, ನಾನು ರೆಕಾರ್ಡ್ ಮಾಡಿಕೊಳ್ಳಲಾ?’ ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಡೆದೇ ಇಲ್ಲ ಅನ್ನೋ ಹಂಗೆ ಹೊಡೀತೀನಲ್ಲ, ಅದನ್ನೂ ಹಿಡ್ಕೊಳ್ಳುತ್ತಾ ನಿನ್ನ ಫೋನು?’ ಎಂದರು. ಎರಡು ಮಧ್ಯಾಹ್ನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರು ಸುರಿಸಿಕೊಂಡು ಕೂತೆವು. ಒಂದೊಂದು ಪಾಟಾಕ್ಷರವನ್ನೂ ನಾಲ್ಕು ಬಲದಲ್ಲಿ ನುಡಿಸಿದರು. ನಾನು ಮೂರು ಸಾಕು ಎಂದಿದ್ದೆ. ‘ಮೆಲ್ಲಗೆ ಅನ್ನೋದರಲ್ಲೇ ಎರಡು ಇದೆ ಕಣೋ’ ಎಂದರು.

ಆ ಫೈಲುಗಳನ್ನು ನಾಲ್ಕು ಪದರವಾಗಿ ಜೋಡಿಸಿ ಹಾಸ್ಟೆಲ್‌ನಲ್ಲಿ ನುಡಿಸಿದಾಗ ಗೆಳೆಯನೊಬ್ಬ ‘ಇದನ್ನ ಮಾರಬಹುದು ಕಣೋ’ ಎಂದ. ಮಾರಬಹುದು. ಆದರೆ ಮಾರುವ ಹಕ್ಕು ನನ್ನದಲ್ಲ. ಆ ಹೊಡೆತಗಳ ಹಿಂದೆ ಇರುವುದು ಚಿಕ್ಕಪ್ಪನ ಇಪ್ಪತ್ತು ವರ್ಷ. ಅವರನ್ನು ಕೇಳದೆ ಒಬ್ಬರಿಗೂ ಕೊಡುವುದಿಲ್ಲ, ಒಂದು ರೂಪಾಯಿ ಬಂದರೂ ಮೊದಲು ಅವರಿಗೆ ಎಂದು ಹೇಳಿದೆ. ನಾವು ಬಳಸುವ ಪ್ರತಿ ಢೋಲಕ್ ಸದ್ದಿನ ಹಿಂದೆ ಯಾರದೋ ಒಂದು ಕೈ ಇದೆ. ಅವರಿಗೆ ಏನು ಸಿಕ್ಕಿತು ಎಂದು ಪ್ಯಾಡ್ ನುಡಿಸುವ ನಾವಾದರೂ ಕೇಳಬೇಕು.

ನನ್ನ ಪ್ಯಾಡ್ ಎಷ್ಟೇ ಚೆನ್ನಾಗಿ ಸೆಟ್ ಆದರೂ ಚಿಕ್ಕಪ್ಪನ ಹಳೆಯ ಸೀಸನ್‌ಗಳು ವಾಪಸ್ ಬರುವುದಿಲ್ಲ, ಅದು ನನಗೆ ಗೊತ್ತು. ಯಂತ್ರ ಬಂತು, ಒಬ್ಬರ ಕೆಲಸ ಹೋಯಿತು. ಆರನೇ ಸೆಮಿಸ್ಟರ್ ಮುಗಿಸಿ ಪ್ಲೇಸ್‌ಮೆಂಟ್‌ಗೆ ಕಾಯುತ್ತಿರುವ ನಮಗೂ ಈ ಭಯ ಹೊಸದಲ್ಲ. ಆದರೆ ಆ ಯಂತ್ರಕ್ಕೆ ‘ಮೆಲ್ಲಗೆ ಅನ್ನೋದರಲ್ಲೇ ಎರಡು ಇದೆ’ ಎಂದು ಹೇಳಿಕೊಡಲು ಕೊನೆಗೂ ಅವರೇ ಬೇಕಾಯಿತು. ಕಂಪನಿಯ ಕೈಪಿಡಿಯಲ್ಲಿ ಆ ಸಾಲು ಇರಲಿಲ್ಲ. ಹಾಗಾಗಿ ನನ್ನ ಗೆಳೆಯರಲ್ಲಿ ಒಂದು ಕೋರಿಕೆ. ಹೊಸ ಪ್ಯಾಡಿಗೆ ದುಡ್ಡು ಕೂಡಿಸುವ ಮೊದಲು ಇರುವುದರ ಮುಂದೆ ಒಂದು ಭಾನುವಾರ ಕೂರಿ. ಆಮೇಲೆ ನಿಮ್ಮ ಊರಿನಲ್ಲಿ ಕೈಯಿಂದ ನುಡಿಸುವವರ ಮುಂದೆ ಇನ್ನೊಂದು ಭಾನುವಾರ ಕೂರಿ.

ಮೊನ್ನೆ ವಿಡಿಯೊ ಕಾಲ್‌ನಲ್ಲಿ ಚಿಕ್ಕಪ್ಪನಿಗೆ ನುಡಿಸಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ‘ಹೂಂ, ಈಗ ಸ್ವಲ್ಪ ಮಾತಾಡ್ತಿದೆ’ ಎಂದರು. ನಾನು ಹಿಗ್ಗುವಷ್ಟರಲ್ಲಿ ಸೇರಿಸಿದರು, ‘ಆದ್ರೆ ನಿನ್ನ ಎಡಗೈ ಇನ್ನೂ ದಡ್ಡ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಸಾಧನೆ ಮಾಡು.’