ಪ್ಯಾರಾ ಜಂಬಲ್ ಬಿಡಿಸಲು ಆಗದಿರುವುದು ಇಂಗ್ಲಿಷ್ ಬರದಿದ್ದಕ್ಕೇನಾ?

‘ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಮಾತ್ರ ಪ್ಯಾರಾ ಜಂಬಲ್ ಬರೋದು.’ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಂಥ ಊರುಗಳಲ್ಲಿ ಬ್ಯಾಂಕ್ ಪರೀಕ್ಷೆಗೋ ಎಸ್‌ಎಸ್‌ಸಿಗೋ ಓದುತ್ತಿರುವವರನ್ನು ಮಾತಾಡಿಸಿದರೆ ಈ ಮಾತು ಒಂದಲ್ಲ ಒಂದು ಸಲ ಕಿವಿಗೆ ಬಿದ್ದೇ ಬೀಳುತ್ತದೆ. ನಾಲ್ಕೈದು ಇಂಗ್ಲಿಷ್ ವಾಕ್ಯಗಳನ್ನು ಹಿಂದುಮುಂದು ಮಾಡಿ ಕೊಟ್ಟಿರುತ್ತಾರೆ, ಅವನ್ನು ಅರ್ಥವಾಗುವ ಒಂದು ಪ್ಯಾರಾ ಆಗುವಂತೆ ಜೋಡಿಸಬೇಕು. ಪ್ರತಿ ವಾಕ್ಯವೂ ಓದಲು ಬರುತ್ತದೆ, ಪದಗಳ ಅರ್ಥವೂ ಗೊತ್ತಿರುತ್ತದೆ, ಆದರೂ ಉತ್ತರ ತಪ್ಪುತ್ತದೆ. ಆಗ ಬೇರೆ ಕಾರಣ ಹೊಳೆಯದೆ ‘ನನ್ನ ಇಂಗ್ಲಿಷೇ ಸರಿಯಿಲ್ಲ’ ಎಂದುಕೊಂಡು ಇನ್ನೊಂದು ಗ್ರಾಮರ್ ಪುಸ್ತಕ ಕೊಳ್ಳುತ್ತೇವೆ.

ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದು ನೋಡುವ ಮೊದಲು ಇದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂಬುದನ್ನು ಹೇಳಿಬಿಡುತ್ತೇವೆ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿನ 30 ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ, ಅಂದರೆ ಪ್ರಶ್ನೆಗೆ 40 ಸೆಕೆಂಡು. ತಪ್ಪಾದರೆ ಕಾಲು ಅಂಕ ಕಡಿತ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ಎಂದು 2019ರಲ್ಲಿ ಘೋಷಣೆಯಾದಾಗ ನಮ್ಮ ಕಡೆ ಖುಷಿಪಟ್ಟವರು ಬಹಳ ಮಂದಿ. ಆದರೆ ಅದರ ಮುಖ್ಯ ಪರೀಕ್ಷೆಯಲ್ಲಿ ಭಾಷಾ ಪತ್ರಿಕೆ ಎಂದರೆ ಇಂಗ್ಲಿಷ್ ಅಥವಾ ಹಿಂದಿ. ಹಿಂದಿಯೂ ಅಷ್ಟಕ್ಕಷ್ಟೇ ಇರುವ ಹುಡುಗ ಹುಡುಗಿಯರಿಗೆ ಇಂಗ್ಲಿಷೇ ಗತಿ. ಒಂದೆರಡು ಅಂಕದಲ್ಲಿ ಕಟ್‌ಆಫ್ ತಪ್ಪಿದರೆ ಹೋಗುವುದು ಒಂದು ವರ್ಷ.

ಮೊದಲು ಕನ್ನಡದಲ್ಲೇ ಒಂದನ್ನು ಬಿಡಿಸೋಣ. ಕೆಳಗಿನ ಐದು ವಾಕ್ಯಗಳನ್ನು ಜೋಡಿಸಿ ನೋಡಿ.

(ಅ) ಅದಕ್ಕೇ ಬಿಡಿಸುವವರು ಬೆಳಗಿನ ಜಾವವೇ ಹೊಲಕ್ಕೆ ಹೋಗುತ್ತಾರೆ.
(ಆ) ಹಡಗಲಿ ಕಡೆಯ ರೈತರೊಬ್ಬರು ಅರ್ಧ ಎಕರೆಯಲ್ಲಿ ಮಲ್ಲಿಗೆ ಹಾಕಿದ್ದಾರೆ.
(ಇ) ಮೊಗ್ಗು ಅರಳುವ ಮುಂಚೆ ಬಿಡಿಸದಿದ್ದರೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ.
(ಈ) ಅಷ್ಟರಲ್ಲಿ ಮೊದಲ ಬಸ್ಸು ಬರುವ ಹೊತ್ತಾಗಿರುತ್ತದೆ.
(ಉ) ಬಿಡಿಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ತುಂಬುತ್ತಾರೆ.

ಆ, ಇ, ಅ, ಉ, ಈ. ಹೆಚ್ಚೆಂದರೆ ಹದಿನೈದು ಸೆಕೆಂಡು ಹಿಡಿದಿರಬಹುದು. ಈಗ ನೀವು ಮಾಡಿದ್ದೇನು ಎಂದು ಹಿಂದಿರುಗಿ ನೋಡಿ. ‘ರೈತರೊಬ್ಬರು’ ಎಂಬಲ್ಲಿನ ‘ಒಬ್ಬರು’ ಒಬ್ಬ ಹೊಸ ವ್ಯಕ್ತಿಯನ್ನು ನಿಮ್ಮೆದುರು ತಂದು ನಿಲ್ಲಿಸಿತು, ಹಾಗಾಗಿ ಅದು ಮೊದಲು. ‘ಅದಕ್ಕೇ’ ಎನ್ನಬೇಕಾದರೆ ಹಿಂದೆ ಒಂದು ಕಾರಣ ಇರಲೇಬೇಕು, ಆ ಕಾರಣ ಬೆಲೆಯ ವಾಕ್ಯದಲ್ಲಿದೆ. ‘ಬಿಡಿಸಿದ್ದನ್ನು’ ಎನ್ನುವ ಮೊದಲು ಯಾರಾದರೂ ಹೊಲಕ್ಕೆ ಹೋಗಿ ಬಿಡಿಸಿರಬೇಕು. ‘ಅಷ್ಟರಲ್ಲಿ’ ಎಂಬುದು ಇಷ್ಟೆಲ್ಲ ಮುಗಿಯುವುದನ್ನು ಕಾಯುತ್ತದೆ. ಇದನ್ನು ನಿಮಗೆ ಯಾವ ಕೋಚಿಂಗ್ ಸೆಂಟರೂ ಕಲಿಸಿರಲಿಲ್ಲ. ಜೊತೆಗೆ ಇನ್ನೊಂದು ಅನುಕೂಲವೂ ನಿಮಗಿತ್ತು. ಮಲ್ಲಿಗೆಯ ಕೆಲಸ ಹೇಗೆ ನಡೆಯುತ್ತದೆ ಎಂದು ನಿಮಗೆ ಮೊದಲೇ ಅಷ್ಟಿಷ್ಟು ಗೊತ್ತಿತ್ತು.

ವಾಕ್ಯಗಳ ನಡುವಿನ ಈ ಕೊಂಡಿಗಳ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಸುಸಾನ್ ಹ್ಯಾವಿಲ್ಯಾಂಡ್ ಮತ್ತು ಹರ್ಬರ್ಟ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬಾ ಸರಳವಾದದ್ದು. ‘ಬಿಯರ್ ಬೆಚ್ಚಗಿತ್ತು’ ಎಂಬ ವಾಕ್ಯವನ್ನು ಎರಡು ರೀತಿಯಲ್ಲಿ ಓದಿಸಿದರು. ಒಮ್ಮೆ ಅದರ ಹಿಂದೆ ‘ಕಾರಿನ ಡಿಕ್ಕಿಯಿಂದ ಬಿಯರ್ ತೆಗೆದೆವು’ ಎಂಬ ವಾಕ್ಯವಿತ್ತು. ಇನ್ನೊಮ್ಮೆ ‘ಪಿಕ್ನಿಕ್ ಸಾಮಾನು ನೋಡಿದೆವು’ ಎಂದಷ್ಟೇ ಇತ್ತು. ಎರಡನೆಯ ಸಲ ಅದೇ ವಾಕ್ಯ ಅರ್ಥವಾಗಲು ಓದುಗರಿಗೆ ಹೆಚ್ಚು ಸಮಯ ಬೇಕಾಯಿತು. ಸಾಮಾನಿನಲ್ಲಿ ಬಿಯರೂ ಇದ್ದಿರಬೇಕು ಎಂಬ ಸೇತುವೆಯನ್ನು ಓದುಗರ ಮನಸ್ಸೇ ಕಟ್ಟಿಕೊಳ್ಳಬೇಕಾಗಿತ್ತಲ್ಲ. ಗೊತ್ತಿರುವುದನ್ನು ಹಿಡಿದು ಹೊಸದಕ್ಕೆ ಹೋಗುವುದು ಎಲ್ಲ ಭಾಷೆಯ ಓದುಗರೂ ಮಾಡುವ ಕೆಲಸ. ಪ್ಯಾರಾ ಜಂಬಲ್ ಅಳೆಯುವುದು ಬಹುಮಟ್ಟಿಗೆ ಇದನ್ನೇ.

ಹಾಗಾದರೆ ಕನ್ನಡದಲ್ಲಿ ಸಲೀಸಾದದ್ದು ಇಂಗ್ಲಿಷಿನಲ್ಲಿ ಯಾಕೆ ಕೈಕೊಡುತ್ತದೆ? ನಂಬಿಕೆಯ ನಿಜವಾದ ಅರ್ಧ ಇಲ್ಲಿದೆ. ಕೊಂಡಿಗಳು ಎರಡೂ ಭಾಷೆಗಳಲ್ಲಿವೆ, ಆದರೆ ಅವು ಕೂತಿರುವ ಜಾಗ ಬೇರೆ.

ಇಂಗ್ಲಿಷಿನ ‘ಎ’ ಮತ್ತು ‘ದ’ ತೆಗೆದುಕೊಳ್ಳಿ. ‘ಎ ಫಾರ್ಮರ್’ ಎಂದರೆ ಮೊದಲ ಸಲ ಬರುತ್ತಿರುವ ರೈತ, ‘ದ ಫಾರ್ಮರ್’ ಎಂದರೆ ಸಾಮಾನ್ಯವಾಗಿ ಆಗಲೇ ಪರಿಚಯವಾದ ರೈತ. ನಮ್ಮಲ್ಲಿ ‘ಎ’ ಮಾಡುವ ಕೆಲಸವನ್ನು ‘ಒಬ್ಬ’, ‘ಒಂದು’ ಸ್ವಲ್ಪಮಟ್ಟಿಗೆ ಮಾಡುತ್ತವೆ. ‘ದ’ಗೆ ಮಾತ್ರ ಸರಿಸಾಟಿಯಾದ ಪದವೇ ಇಲ್ಲ. ‘ಪುಸ್ತಕ ಓದಿದೆ’ ಎನ್ನುವುದಕ್ಕೂ ‘ಪುಸ್ತಕವನ್ನು ಓದಿದೆ’ ಎನ್ನುವುದಕ್ಕೂ ನಾವು ಮಾಡುವ ವ್ಯತ್ಯಾಸ ಅದರ ಹತ್ತಿರಕ್ಕೆ ಬರುತ್ತದೆ. ಎರಡನೆಯದರಲ್ಲಿ ಮನಸ್ಸಿನಲ್ಲಿ ಯಾವುದೋ ನಿರ್ದಿಷ್ಟ ಪುಸ್ತಕ ಇರುತ್ತದೆ. ಆದರೆ ಅದು ಪದದ ಬಾಲದಲ್ಲಿರುವ ಪ್ರತ್ಯಯ. ಇಂಗ್ಲಿಷಿನದು ಪದದ ಮುಂದೆ ನಿಂತ ಎರಡು ಪುಟ್ಟ ಪದಗಳು, ನಾವು ವೇಗವಾಗಿ ಓದುವಾಗ ಮೊದಲು ಹಾರಿಸಿಬಿಡುವುದು ಅವನ್ನೇ. ಶಾಲೆಯಲ್ಲಿ ಸ್ವರದ ಮುಂದೆ ‘ಆ್ಯನ್’, ವ್ಯಂಜನದ ಮುಂದೆ ‘ಎ’ ಎಂದು ಬಾಯಿಪಾಠ ಮಾಡಿಸಿದ್ದರು. ಈ ಪುಟ್ಟ ಪದಗಳು ‘ಇದು ಹೊಸದು, ಇದು ಹಳೆಯದು’ ಎಂದು ಕೈ ತೋರಿಸುತ್ತವೆ ಎಂಬುದನ್ನು ಯಾರೂ ಹೇಳಿದ ನೆನಪು ನಮಗಿಲ್ಲ.

ಇನ್ನೊಂದು ವ್ಯತ್ಯಾಸ ಕ್ರಿಯಾಪದದ್ದು. ‘ಹೊಲಕ್ಕೆ ಹೋಗಿ, ಮೊಗ್ಗು ಬಿಡಿಸಿ, ಬುಟ್ಟಿಗೆ ತುಂಬಿ, ಬಸ್ಸಿಗೆ ಹಾಕಿ ಬಂದರು.’ ನಾಲ್ಕೈದು ಕೆಲಸ, ಒಂದೇ ವಾಕ್ಯ. ಯಾವುದು ಮೊದಲು ಯಾವುದು ಆಮೇಲೆ ಎಂಬುದು ಆ ಜೋಡಣೆಯಲ್ಲೇ ಬೀಗ ಹಾಕಿಕೊಂಡಿದೆ. ಇಂಗ್ಲಿಷ್ ಇದನ್ನು ಎರಡು ಮೂರು ವಾಕ್ಯಗಳಾಗಿ ಒಡೆದು ‘ದೆನ್’, ‘ಆಫ್ಟರ್ ದಿಸ್’, ‘ಬೈ ದೆನ್’ ಎಂದು ಹೊಲಿಗೆ ಹಾಕುತ್ತದೆ. ನಾವು ವಾಕ್ಯದೊಳಗೆ ಹುಡುಕುವ ಕ್ರಮ ಅಲ್ಲಿ ವಾಕ್ಯಗಳ ನಡುವೆ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮೂರನೆಯ ಕಡೆ. ‘ದಿಸ್ ಪ್ರಾಬ್ಲಂ’, ‘ಸಚ್ ಎ ಮೂವ್’, ‘ದ ಟ್ರೆಂಡ್’ ಎಂಬಂಥವು ಹಿಂದಿನ ಇಡೀ ವಾಕ್ಯವನ್ನೇ ಒಂದು ಪದದ ಗಂಟಿನಲ್ಲಿ ಕಟ್ಟುತ್ತವೆ. ರಿಸರ್ವ್ ಬ್ಯಾಂಕ್ ರೆಪೋ ದರ ಏರಿಸಿತು ಎಂಬುದನ್ನೇ ಮುಂದಿನ ವಾಕ್ಯ ‘ಸಚ್ ಎ ಮೂವ್’ ಎಂದು ಕರೆದರೆ, ದರ ಏರಿಸುವುದು ಒಂದು ‘ಕ್ರಮ’ ಎಂದು ನಮಗೆ ಹೊಳೆಯಬೇಕು. ರೆಪೋ ದರ ಎಂದರೇನು ಎಂದೇ ಗೊತ್ತಿಲ್ಲದಿದ್ದರೆ ಅದು ಹೊಳೆಯುವುದು ಕಷ್ಟ. ಇಲ್ಲಿ ಕೊರತೆ ಇರುವುದು ಇಂಗ್ಲಿಷಿನಲ್ಲಲ್ಲ, ವಿಷಯಜ್ಞಾನದಲ್ಲಿ.

ಇದಕ್ಕೆ ಒಳ್ಳೆಯ ಪುರಾವೆ ಅಮೆರಿಕದಿಂದ ಬಂದಿದೆ. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಿಸಿದ ಫಲಿತಾಂಶ ಪ್ರಕಟಿಸಿದರು. ಓದುವುದರಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಅಲ್ಲಿನ ಬೇಸ್‌ಬಾಲ್ ಜಾಗದಲ್ಲಿ ನಮ್ಮ ಮಲ್ಲಿಗೆಯನ್ನಿಟ್ಟು ನೋಡಿ.

ಒಂದು ವಾಕ್ಯಕ್ಕೆ ಅಕ್ಕಪಕ್ಕದ ವಾಕ್ಯಗಳೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮ್ಮ ತಾಲ್ಲೂಕಿನವರಿಗೆ ಚೆನ್ನಾಗಿ ಗೊತ್ತು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಸಾಲು. ಅದನ್ನು ಕೇಳಿ ರೈತ ಮಳೆಯ ಬಗ್ಗೆ ಹೇಳಿದ್ದು ಎನ್ನುತ್ತಾನೆ, ರಾಜಕೀಯದವರು ಸರ್ಕಾರದ ಬಗ್ಗೆ ಹೇಳಿದ್ದು ಎನ್ನುತ್ತಾರೆ. ಸಾಲಿನ ಹಿಂದೆ ಮುಂದೆ ಏನೂ ಇಲ್ಲದಿರುವುದರಿಂದ ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನೇ ಅಲ್ಲಿ ತುಂಬುತ್ತಾರೆ.

ಕ್ರಮ ತಪ್ಪದಂತೆ ಕಾಯುವ ಚಿಂತೆಯೂ ನಮ್ಮೂರಿಗೆ ಹೊಸದಲ್ಲ. ಹಿರೇಹಡಗಲಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಕಲ್ಲೇಶ್ವರ ಗುಡಿಯಿಂದ ಮಾತ್ರವಲ್ಲ, ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಪಟಗಳಿಂದ ಕೂಡ. ನಾಲ್ಕನೆಯ ಶತಮಾನದ ಈ ದಾನಪತ್ರವನ್ನು ಜರ್ಮನ್ ವಿದ್ವಾಂಸ ಬ್ಯೂಲರ್ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಇಂಥ ತಾಮ್ರಪಟಗಳನ್ನು ತೂತು ಕೊರೆದು ಒಂದು ಬಳೆಯಲ್ಲಿ ಪೋಣಿಸಿ, ಬಳೆಗೆ ರಾಜಮುದ್ರೆ ಹಾಕುವ ಪದ್ಧತಿ ಇತ್ತು. ಬಳೆ ಕತ್ತರಿಸದೆ ಒಂದು ತಗಡನ್ನು ತೆಗೆಯಲೂ ಆಗದು, ನಡುವೆ ಸೇರಿಸಲೂ ಆಗದು. ತಾಳೆಗರಿಗೆ ಇಷ್ಟು ಭದ್ರತೆ ಇರಲಿಲ್ಲ, ದಾರ ಹರಿದರೆ ಗರಿಗಳು ಚೆಲ್ಲಾಪಿಲ್ಲಿ. ಆಗ ಸಂಪಾದಕರಿಗೆ ನೆರವಾಗುವುದು ಗರಿಯ ಕೊನೆ. ಒಂದು ಗರಿಯಲ್ಲಿ ಅರ್ಧಕ್ಕೆ ನಿಂತ ಪದ ಅಥವಾ ವಾಕ್ಯ ಯಾವ ಗರಿಯ ಮೊದಲಿಗೆ ಕೂಡುತ್ತದೆ ಎಂದು ಹುಡುಕಿ ಮೊದಲು ಜೋಡಿಗಳನ್ನು ಮಾಡಿಕೊಳ್ಳಬಹುದು.

ಪರೀಕ್ಷೆಗೂ ಇದೇ ದಾರಿ ವಾಸಿ ಎಂಬುದು ನಮ್ಮ ಅಭಿಪ್ರಾಯ. ‘ಮೊದಲ ವಾಕ್ಯ ಹಿಡಿದರೆ ಸಾಕು’, ‘ಹೆಸರಿರುವ ವಾಕ್ಯವೇ ಮೊದಲು’ ಎಂಬ ಟ್ರಿಕ್‌ಗಳು ಯೂಟ್ಯೂಬ್ ತುಂಬಾ ಇವೆ. ‘ಹವೆವರ್’ ಇರುವ ವಾಕ್ಯ ಸಾಮಾನ್ಯವಾಗಿ ಮೊದಲು ಬರುವುದಿಲ್ಲ ಎಂಬಂಥವು ಪರವಾಗಿಲ್ಲ. ಆದರೆ ಹೆಸರಿನ ಟ್ರಿಕ್ ಆಗಾಗ ಮೋಸ ಮಾಡುತ್ತದೆ, ಏಕೆಂದರೆ ಎಷ್ಟೋ ಪ್ಯಾರಾಗಳು ಸಾಮಾನ್ಯ ಮಾತೊಂದರಿಂದ ಶುರುವಾಗಿ ಉದಾಹರಣೆಗೆಂದು ಹೆಸರನ್ನು ನಡುವೆ ತರುತ್ತವೆ. ಲೆಕ್ಕ ನೋಡಿ. ಐದು ವಾಕ್ಯಗಳನ್ನು 120 ರೀತಿ ಜೋಡಿಸಬಹುದು. ಯಾವುದು ಯಾವುದರ ಬೆನ್ನಿಗೇ ಬರುತ್ತದೆ ಎಂದು ಒಂದು ಜೋಡಿ ಖಚಿತವಾದರೆ ಉಳಿಯುವುದು 24. ಅದಕ್ಕೆ ಸೇರದ ಇನ್ನೊಂದು ಜೋಡಿಯೂ ಸಿಕ್ಕರೆ ಬರೀ 6. ಕೊಟ್ಟಿರುವ ಆಯ್ಕೆಗಳಲ್ಲಿ ಇಷ್ಟಕ್ಕೇ ಬಹಳಷ್ಟು ಉದುರಿಹೋಗುತ್ತವೆ. ಕ್ಯಾಟ್ ಪರೀಕ್ಷೆಯಲ್ಲಿ ಆಯ್ಕೆಗಳನ್ನೇ ಕೊಡದೆ ಕ್ರಮವನ್ನು ಟೈಪ್ ಮಾಡಿಸುವುದು ಈ ದಾರಿಯನ್ನು ಮುಚ್ಚಲಿಕ್ಕೇ ಇರಬೇಕು.

ಇದರ ಜೊತೆಗೇ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಇನ್ನೊಂದು ಮಾತಿದೆ. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಒಳಗಿನವು ಹೇಗಿದ್ದರೂ ಮೆದುಳು ಓದಿಕೊಳ್ಳುತ್ತದಂತೆ, ಕೇಂಬ್ರಿಜ್ ಸಂಶೋಧನೆಯಂತೆ. ಈ ಸಂದೇಶ ಹಬ್ಬಿದ್ದು 2003ರಲ್ಲಿ. ಅಂಥ ಸಂಶೋಧನೆ ಕೇಂಬ್ರಿಜ್‌ನಲ್ಲಿ ನಡೆದಿರಲಿಲ್ಲ ಎಂದು ಅಲ್ಲಿಯೇ ಕೆಲಸ ಮಾಡುತ್ತಿದ್ದ ಮ್ಯಾಟ್ ಡೇವಿಸ್ ವಿವರವಾಗಿ ಬರೆದರು. ಇದಕ್ಕೆ ಹತ್ತಿರದ ಕೆಲಸ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಗ್ರಹಾಂ ರಾಲಿನ್ಸನ್ ಅವರ 1976ರ ಪ್ರಬಂಧ. ಆ ಸಂದೇಶ ಸಲೀಸಾಗಿ ಓದಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ, ಅದರಲ್ಲಿ ವಾಕ್ಯಗಳ ಕ್ರಮವೂ ಪದಗಳ ಕ್ರಮವೂ ಸರಿಯಾಗಿರುವುದು. ಕೆಡಿಸಿರುವುದು ಪದದೊಳಗಿನ ಅಕ್ಷರಗಳನ್ನು ಮಾತ್ರ. ಆದ್ದರಿಂದ ‘ಮೆದುಳು ತಾನೇ ಜೋಡಿಸಿಕೊಳ್ಳುತ್ತದೆ’ ಎಂದು ನಂಬಿ ಪ್ಯಾರಾ ಜಂಬಲ್‌ಗೆ ಹೋಗಬೇಡಿ.

ಇನ್ನು ಪ್ರಶ್ನೆಗಳ ಮೇಲೆಯೇ ಒಂದು ದೂರು. ಒಂದೇ ಸರಿ ಉತ್ತರ ಎಂಬುದು ಯಾವಾಗಲೂ ನಿಜವಲ್ಲ. ಕನ್ನಡದಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಶೂನ್ಯಸಂಪಾದನೆ. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ಬಿಡಿ ವಚನಗಳನ್ನು ಆಯ್ದು, ನಡುವೆ ಗದ್ಯ ಸೇರಿಸಿ, ಅನುಭವ ಮಂಟಪದ ಸಂವಾದವಾಗುವಂತೆ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಜೋಡಿಸಿದರು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನು ಮತ್ತೆ ಪರಿಷ್ಕರಿಸಿದರು. ಹಿಂದಿನವರ ಜೋಡಣೆಯೇ ಅಂತಿಮ ಎಂದು ಅವರು ಸುಮ್ಮನಾಗಲಿಲ್ಲ. ಮನೆಯಲ್ಲಿ ಮಾಡಿದ ಜೋಡಣೆ ಉತ್ತರಪತ್ರಿಕೆಗೆ ತಾಳೆಯಾಗದಿದ್ದಾಗ ಪ್ರತಿ ಸಲವೂ ನಿಮ್ಮನ್ನೇ ಬೈದುಕೊಳ್ಳಬೇಕಾಗಿಲ್ಲ.

ಅಭ್ಯಾಸಕ್ಕೆ ದುಡ್ಡೇನೂ ಬೇಡ. ಕನ್ನಡ ಪತ್ರಿಕೆಯ ವಾಣಿಜ್ಯ ಪುಟವನ್ನು ದಿನವೂ ಓದಿ, ರೆಪೋ ದರ, ಹಣದುಬ್ಬರ, ಬೆಂಬಲ ಬೆಲೆ ಅಲ್ಲೇ ಪರಿಚಯವಾಗುತ್ತವೆ. ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ, ಒಂದು ಪ್ಯಾರಾವನ್ನು ಕತ್ತರಿಸಿ ವಾಕ್ಯಕ್ಕೊಂದು ಚೀಟಿ ಮಾಡಿ ಕಲಸಿಬಿಡಿ. ಜೋಡಿಸುವಾಗ ‘ಎ’ ಎಲ್ಲಿದೆ, ‘ದ’ ಎಲ್ಲಿದೆ, ‘ದಿಸ್’ ಎಂದರೆ ಯಾವುದು ಎಂದು ಬೆರಳಿಟ್ಟು ಹೇಳಿ. ಚೀಟಿಗಳ ಹಿಂದೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿಡುವುದನ್ನು ಮಾತ್ರ ಮರೆಯಬೇಡಿ. ನಾವೊಮ್ಮೆ ಮರೆತು, ಇಬ್ಬರೂ ಎರಡು ರೀತಿ ಜೋಡಿಸಿ, ಅದೇ ದಿನದ ಇನ್ನೊಂದು ಪತ್ರಿಕೆಗಾಗಿ ಊರಿನ ಕಿರಾಣಿ ಅಂಗಡಿಗಳನ್ನೆಲ್ಲ ಸುತ್ತಿದ್ದೆವು. ಸಿಕ್ಕ ಹೊತ್ತಿಗೆ ಆ ಪುಟದ ಅರ್ಧ ಶೇಂಗಾ ಪೊಟ್ಟಣವಾಗಿತ್ತು.