ಅಲರ್ಜಿಗೆ ಕುಮ್ಮಕ್ಕು ಕೊಡುವ ಹೊಗೆ

ಜಪಾನಿನ ನಿಕ್ಕೋ ಪಟ್ಟಣದ ಸುತ್ತಮುತ್ತ ‘ಸುಗಿ’ ಎಂಬ ಮರಗಳ ಹಳೆಯ ಸಾಲುಗಳಿವೆ. ವಸಂತ ಬಂತೆಂದರೆ ಅವುಗಳ ಪರಾಗ ಗಾಳಿಗೆ ಹಾರುತ್ತದೆ, ಜನ ಸೀನತೊಡಗುತ್ತಾರೆ. 1980ರ ದಶಕದಲ್ಲಿ ಅಲ್ಲಿನ ವೈದ್ಯರು ಯಾರಿಗೆಲ್ಲ ಈ ತೊಂದರೆಯಿದೆ ಎಂದು ಲೆಕ್ಕ ಹಾಕಿದಾಗ ನಿರೀಕ್ಷಿಸದ ಸಂಗತಿಯೊಂದು ಹೊರಬಿತ್ತು. ವಾಹನ ಸಂಚಾರ ವಿರಳವಾಗಿದ್ದ ಕಾಡಿನ ನಡುವಿನವರಿಗಿಂತ, ವಾಹನಗಳು ಬಿಡುವಿಲ್ಲದೆ ಓಡುವ ಮರಸಾಲಿನ ಪಕ್ಕದ ನಿವಾಸಿಗಳಲ್ಲಿ ಅಲರ್ಜಿ ಎರಡು ಪಟ್ಟಿಗೂ ಹೆಚ್ಚಿತ್ತು. ಮರ ಅದೇ, ಪರಾಗವೂ ಅದೇ. ಹೆಚ್ಚಿಗೆ ಸೇರಿದ್ದು ಹೊಗೆ.

ಬೆಂಗಳೂರಿಗೆ ಬಂದು ನೆಲೆಸಿದವರು ‘ಇಲ್ಲಿನ ಹವಾ ನನಗೆ ಒಗ್ಗುತ್ತಿಲ್ಲ’ ಎಂದು ಹೇಳುವುದು ಸಾಮಾನ್ಯ. ಬೆಳಿಗ್ಗೆ ಎದ್ದೊಡನೆ ಸಾಲು ಸೀನು, ನೀರಾಗುವ ಮೂಗು, ತುರಿಸುವ ಕಣ್ಣು, ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಕ್ಕಳು. ಇದನ್ನು ಅವರವರ ದೇಹಪ್ರಕೃತಿಯ ಮೇಲೆ ಹೊರಿಸಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿರುವ ನಗರದಲ್ಲಿ ಈ ವಿವರಣೆ ಸಾಲದು.

ನಮ್ಮಲ್ಲಿ ಸುಗಿ ಮರವಿಲ್ಲ, ಪಾರ್ಥೇನಿಯಂ ಇದೆ. ಊರೆಲ್ಲ ‘ಕಾಂಗ್ರೆಸ್ ಗಿಡ’ ಎಂದು ಕರೆಯುವ ಈ ಕಳೆಯನ್ನು ಹಾನಿಕಾರಕವೆಂದು ಕರ್ನಾಟಕ ಘೋಷಿಸಿದ್ದು 1975ರಲ್ಲೇ. 1984ರಲ್ಲಿ ಮೆಕ್ಸಿಕೋದಿಂದ ತಂದ ಎಲೆ ತಿನ್ನುವ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಚುರುಕಾಗಿರುವುದು ಮಳೆಗಾಲದಲ್ಲಿ ಮಾತ್ರ. ಒಂದೊಂದು ಗಿಡವೋ ಸಾವಿರಾರು ಬೀಜ ಉದುರಿಸುತ್ತದೆ. ಖಾಲಿ ನಿವೇಶನ, ರೈಲು ಹಳಿಯ ಪಕ್ಕ, ಕಾಮಗಾರಿಗೆ ಅಗೆದುಬಿಟ್ಟ ಮಣ್ಣಿನ ಗುಡ್ಡೆ ಎಲ್ಲಿ ನೋಡಿದರೂ ಅದೇ. ಪಾರ್ಥೇನಿಯಂ ಪರಾಗಕ್ಕೂ ಅಮೆರಿಕದವರನ್ನು ಕಾಡುವ ರ‍್ಯಾಗ್‌ವೀಡ್ ಪರಾಗಕ್ಕೂ ಅಲರ್ಜಿಯ ನಂಟಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1990ರ ದಶಕದ ಆರಂಭದಲ್ಲಿ ತೋರಿಸಿದರು. ಒಂದಕ್ಕೆ ತಿರುಗಿಬೀಳುವ ದೇಹ ಇನ್ನೊಂದನ್ನೂ ಗುರುತಿಸಬಲ್ಲದು.

ಇದೇ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನ ಸಂಶೋಧಕರು ರ‍್ಯಾಗ್‌ವೀಡ್ ಅಲರ್ಜಿಯಿದ್ದ ಸ್ವಯಂಸೇವಕರ ಮೂಗಿಗೆ ಒಮ್ಮೆ ಪರಾಗದ ಸಾರವನ್ನಷ್ಟೇ ಹಾಕಿದರು, ಇನ್ನೊಮ್ಮೆ ಅದರೊಂದಿಗೆ ಡೀಸೆಲ್ ಹೊಗೆಯ ಕಣಗಳನ್ನೂ ಸೇರಿಸಿದರು. ಎರಡನೆಯ ಸಲ, ಆ ಪರಾಗದ ವಿರುದ್ಧವೇ ಹುಟ್ಟುವ ‘ಐಜಿಇ’ ಪ್ರತಿಕಾಯ ಹಲವು ಪಟ್ಟು ಏರಿತು. ಹೊಗೆ ಮೂಗನ್ನು ಉರಿಸಿ ಸುಮ್ಮನಾಗುವುದಿಲ್ಲ; ಪರಾಗದ ಮೇಲೆ ದೇಹಕ್ಕಿರುವ ಹಗೆಯನ್ನೇ ಬೆಳೆಸುತ್ತದೆ ಎಂಬುದು ಇದರ ಅರ್ಥ. ಮೂಗಿನ ಒಳಪೊರೆಯ ಜೀವಕೋಶಗಳು ಒತ್ತಾಗಿ ಹೆಣೆದ ಬೇಲಿಯಂತಿವೆ. ಓಜೋನ್, ನೈಟ್ರೋಜನ್ ಡೈಆಕ್ಸೈಡ್ ಮತ್ತು ಸೂಕ್ಷ್ಮ ಕಣಗಳು ಅದನ್ನು ಸಡಿಲಿಸಿದಾಗ ಅಲರ್ಜಿಕಾರಕ ಒಳಹೋಗುವುದು ಸಲೀಸು. ಆಮೇಲೆ ಹಿಸ್ಟಮಿನ್ ಬಿಡುಗಡೆಯಾಗಿ ಸೀನಿನ ಸರಣಿ ಶುರುವಾಗುತ್ತದೆ.

ಮೂಗಿನ ಅಲರ್ಜಿಯನ್ನು ನೆಗಡಿಯೆಂದು ಕಡೆಗಣಿಸುವಂತಿಲ್ಲ. ಮೂಗು, ಶ್ವಾಸಕೋಶ ಎರಡೂ ಒಂದೇ ಉಸಿರುದಾರಿ. ಮೂಗಿನ ಅಲರ್ಜಿ ಇದ್ದವರಿಗೆ ಆಸ್ತಮಾ ಬರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ನಡೆಸಿದ ಶಾಲಾ ಸಮೀಕ್ಷೆಯನ್ನು ಇಲ್ಲಿ ನೆನೆಯಬೇಕು. ವಾಹನ ದಟ್ಟಣೆ ಕಡಿಮೆಯಿದ್ದ ಕಡೆಯ ಶಾಲೆಗಳಲ್ಲಿ ಶೇ 11ರಷ್ಟು ಮಕ್ಕಳಿಗೆ ಆಸ್ತಮಾ ಇದ್ದರೆ, ದಟ್ಟಣೆಯ ಕಡೆ ಅದು ಶೇ 19. ದಟ್ಟಣೆಯ ಜೊತೆಗೆ ಬಡತನವೂ ಇದ್ದ ಕಡೆ ಶೇ 31.

ಹಾಗಾದರೆ ಮಾಡುವುದೇನು? ಮೊದಲು ನಿಲ್ಲಬೇಕಾದದ್ದು ಮೆಡಿಕಲ್ ಶಾಪಿನಿಂದ ಮೂಗು ಬಿಡಿಸುವ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಚಾಳಿ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಡ್ರಾಪ್ಸ್ ನಾಲ್ಕೈದು ದಿನ ಮೀರಿದರೆ ಅವುಗಳಿಂದಲೇ ಮೂಗು ಮತ್ತೆ ಕಟ್ಟತೊಡಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ವೈದ್ಯರು ಬರೆದುಕೊಡುವ ಸ್ಟೆರಾಯ್ಡ್ ಸ್ಪ್ರೇಯನ್ನು ಜನ ಹೆಸರು ಕೇಳಿಯೇ ಹೆದರಿ ಎರಡು ದಿನಕ್ಕೆ ಬಿಟ್ಟುಬಿಡುತ್ತಾರೆ. ಮೂಗಿನಲ್ಲಷ್ಟೇ ಕೆಲಸ ಮಾಡುವ ಅಲ್ಪ ಪ್ರಮಾಣದ ಮದ್ದು ಅದು. ದಿನವೂ ತಪ್ಪದೆ ಬಳಸಿದರೆ ಒಂದೆರಡು ವಾರದಲ್ಲಿ ಪೂರ್ತಿ ಗುಣ ತೋರಿಸುತ್ತದೆ. ಹಾಕುವ ರೀತಿಯೂ ಮುಖ್ಯ: ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆ ತಿರುಗುವಂತೆ ಹಿಡಿದು ಒತ್ತಬೇಕು. ಮೂಗಿನ ನಡುಗೋಡೆಗೆ ನೇರವಾಗಿ ಹೊಡೆದರೆ ರಕ್ತ ಒಸರಬಹುದು. ಜೋರಾಗಿ ಎಳೆದುಕೊಂಡರೆ ಮದ್ದು ಗಂಟಲಿಗಿಳಿದು ವ್ಯರ್ಥವಾಗುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಅಗ್ಗದ, ಪರಿಣಾಮಕಾರಿ ಉಪಾಯ. ಸಂಜೆ ಮನೆಗೆ ಬಂದ ಕೂಡಲೇ ಮಾಡಿದರೆ ದಿನವಿಡೀ ಸೇರಿದ ಕಣಗಳು ಹೊರಬರುತ್ತವೆ. ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಲೇಬೇಕು, ಕೊಳಾಯಿ ನೀರಿನಲ್ಲಿರಬಹುದಾದ ಅಮೀಬಾ ಮೂಗಿನಿಂದ ಮಿದುಳಿಗೇರಿದರೆ ಪ್ರಾಣಕ್ಕೇ ಕುತ್ತು. ಸೀನಿಗೆ ನುಂಗುವ ಹಳೆಯ ಕಾಲದ ಕ್ಲೋರ್‌ಫೆನಿರಮೈನ್ ಮಾತ್ರೆ ತೂಕಡಿಕೆ ತರುತ್ತದೆ. ಬೈಕು ಓಡಿಸುವವರು ವೈದ್ಯರನ್ನು ಕೇಳಿ ಬೇರೆಯದನ್ನು ಪಡೆಯುವುದು ಒಳ್ಳೆಯದು. ಮನೆಯೊಳಗಿನ ಹೊಗೆಯನ್ನೂ ಮರೆಯುವಂತಿಲ್ಲ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ಕ್ಕೂ ಹೆಚ್ಚು ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಅಳೆದಿದೆ. ಮಗು ಮಲಗುವ ಕೋಣೆಗೆ ಸೊಳ್ಳೆ ಪರದೆಯೇ ಮೇಲು.

ಇಷ್ಟೆಲ್ಲ ಮಾಡಿಯೂ ಮರುದಿನ ಅದೇ ಸಿಗ್ನಲ್‌ನಲ್ಲಿ, ಅದೇ ಹೊಗೆಯ ನಡುವೆ ನಿಲ್ಲಬೇಕೆಂದರೆ ರೋಗಿಯ ಶ್ರಮಕ್ಕೆ ಬೆಲೆಯೇನು? 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ದೇಶದಾದ್ಯಂತ ಈ ಕಾರ್ಯಕ್ರಮದ ಹಣದ ಶೇ 64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿದೆ ಎಂದು ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಕೊಟ್ಟಿತು. ವಾಹನ ಹೊಗೆಗೆ ಸಿಕ್ಕಿದ್ದು ಶೇ 13ರೊಳಗೆ. ಅಲರ್ಜಿಯನ್ನು ಕೆರಳಿಸುವ ಸೂಕ್ಷ್ಮ ಕಣ ಹೊಗೆಕೊಳವೆಯಿಂದ, ಬೀದಿ ಬದಿ ಕಸ ಸುಡುವುದರಿಂದ ಬರುತ್ತಿರುವಾಗ ಈ ಹಂಚಿಕೆ ಬದಲಾಗಲೇಬೇಕು. ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ನಿಂತ ವ್ಯಾನುಗಳ ಎಂಜಿನ್ ಆಫ್ ಮಾಡಿಸಲು ಹಣವೂ ಬೇಕಿಲ್ಲ. ಚಂಡೀಗಢಕ್ಕೆ 2022ರಿಂದ ತನ್ನದೇ ಪರಾಗ ಕ್ಯಾಲೆಂಡರ್ ಇದೆ. ಬೆಂಗಳೂರಿನಲ್ಲೂ ವಾಯು ಗುಣಮಟ್ಟ ಸೂಚ್ಯಂಕದ ಪಕ್ಕದಲ್ಲೇ ಪರಾಗದ ಮಾಹಿತಿ ಪ್ರಕಟವಾದರೆ, ಸ್ಪ್ರೇ ಯಾವ ವಾರ ಶುರು ಮಾಡಬೇಕೆಂದು ರೋಗಿಗೂ, ಖಾಲಿ ನಿವೇಶನಗಳ ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನ ಯಾವ ವಾರ ಕೀಳಿಸಬೇಕೆಂದು ಪಾಲಿಕೆಗೂ ಮೊದಲೇ ತಿಳಿಯುತ್ತದೆ.