ಮರದಲ್ಲಿ ಶಾವಿಗೆ, ಗಾಜಿನ ಮೇಲೆ ಟೆನಿಸ್, ಬಿದಿರಿನಲ್ಲಿ ಹೂ

ಈ ವಾರ ವಾಚಕರ ಮುಂದಿಡುತ್ತಿರುವ ಮೂರು ಸಂಗತಿಗಳಿಗೆ ಒಂದರೊಡನೊಂದು ನಂಟಿಲ್ಲ. ಒಂದು ಸುದ್ದಿಯ ಲೋಕದ್ದು, ಇನ್ನೊಂದು ಆಟದ್ದು, ಮತ್ತೊಂದು ಕಾಡಿನದು. ಒಂದರ ಹಿಂದೊಂದಾಗಿ ಬಂದ ಮೂರು ವರ್ಷಗಳಲ್ಲಿ ಇವು ನಡೆದುವೆಂಬುದೇ ಇವನ್ನು ಒಂದು ದಾರದಲ್ಲಿ ಪೋಣಿಸಲು ನಮಗಿರುವ ನೆಪ.

ಮರದಲ್ಲಿ ಬೆಳೆದ ಶಾವಿಗೆ

ಸ್ಪಗೆಟ್ಟಿಯೆಂದರೆ ಇಟಲಿಯವರ ಶಾವಿಗೆ. ಗೋಧಿಯ ಹಿಟ್ಟನ್ನು ನಾದಿ, ಎಳೆಯೆಳೆಯಾಗಿಸಿ ಒಣಗಿಸಿದ್ದು. 1957ರ ಏಪ್ರಿಲ್ 1ರಂದು ಬಿ.ಬಿ.ಸಿ. ಟೆಲಿವಿಷನ್ ತನ್ನ ‘ಪನೋರಮಾ’ ಎಂಬ ಗಂಭೀರ ಕಾರ್ಯಕ್ರಮದಲ್ಲಿ, ಸ್ವಿಟ್ಜರ್ಲೆಂಡಿನ ಹೆಂಗಸರು ಮರದ ಕೊಂಬೆಗಳಿಂದ ಈ ಶಾವಿಗೆಯನ್ನು ಬಿಡಿಸಿ ಬಿಸಿಲಿಗೆ ಹರಡುವ ದೃಶ್ಯವನ್ನು ತೋರಿಸಿತು. ಚಳಿ ಹಿತವಾಗಿತ್ತು, ಹುಳುವಿನ ಕಾಟ ತೊಲಗಿತ್ತು, ಆದುದರಿಂದ ಫಸಲು ಹುಲುಸಾಗಿದೆ ಎಂಬುದು ವಿವರಣೆ. ವಿವರಣೆ ನೀಡಿದವರು ರಿಚರ್ಡ್ ಡಿಂಬಲ್ಬಿ. ಎರಡನೆಯ ಮಹಾಯುದ್ಧದ ವಾರ್ತೆಯನ್ನೂ ರಾಣಿಯ ಪಟ್ಟಾಭಿಷೇಕದ ವರ್ಣನೆಯನ್ನೂ ಬ್ರಿಟನ್ನಿನ ಜನ ಕೇಳಿದ್ದು ಇದೇ ಕಂಠದಿಂದ. ಸ್ಪಗೆಟ್ಟಿ ಆಗ ಅವರಿಗೆ ಅಪರಿಚಿತ ತಿನಿಸು. ಈ ಗಿಡವನ್ನು ಬೆಳೆಸುವುದು ಹೇಗೆಂದು ಟೆಲಿಫೋನಿನಲ್ಲಿ ವಿಚಾರಿಸಿದವರು ಅನೇಕರು. ದಿನಾಂಕವನ್ನು ಗಮನಿಸಿದವರು ನಕ್ಕರು. ಕಂಠವನ್ನು ನಂಬಿದವರು ಮೋಸಹೋದರು.

ಬಾಂಬಿನಿಂದ ಚೆಂಡಿಗೆ

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಪ್ರವೇಶವಿತ್ತು. ಬಂದವರು ಬೇಸರದಿಂದ ಮರಳಬಾರದೆಂದು 1958ರ ಅಕ್ಟೋಬರಿನಲ್ಲಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ ಒಂದು ಆಟವನ್ನು ಹೂಡಿದರು. ಅಂಗೈಯಗಲದ ಆಸಿಲೋಸ್ಕೋಪಿನ ಗಾಜಿನ ಮೇಲೆ ಅಡ್ಡಲಾಗಿ ಒಂದು ಗೆರೆ, ಅದು ಅಂಗಳ. ನಡುವೆ ನೆಟ್ಟಗೆ ಇನ್ನೊಂದು, ಅದು ಬಲೆ. ಪುಟಿಯುವ ಬೆಳಕಿನ ಚುಕ್ಕಿಯೇ ಚೆಂಡು. ಇಬ್ಬರು ಗುಂಡಿಯೊತ್ತಿ ಅದನ್ನು ಹೊಡೆಯಬೇಕು. ಆಡಲು ನೂರಾರು ಮಂದಿ ಸಾಲುಗಟ್ಟಿ ನಿಂತರು. ವಿಡಿಯೋ ಆಟಗಳ ಹಿರಿತಲೆಗಳಲ್ಲಿ ಇದೂ ಒಂದು. ಆದರೂ ಕರ್ತೃ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ; ಯಂತ್ರವನ್ನು ಮುಂದೆ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಇಂಥದೇ ‘ಪಾಂಗ್’ ಎಂಬ ಆಟವನ್ನು 1972ರಲ್ಲಿ ಅಟಾರಿ ಸಂಸ್ಥೆ ಹೊರತಂದು ಹಣ ಗಳಿಸಿತು. ಯುದ್ಧಕಾಲದಲ್ಲಿ ಲಾಸ್ ಅಲಮೋಸಿನಲ್ಲಿ ಅಣುಬಾಂಬಿನ ವಿದ್ಯುನ್ಮಾನ ವಿಭಾಗದಲ್ಲಿ ದುಡಿದಿದ್ದ ಹಿಗಿನ್‌ಬಾಥಂ, ಆ ಬಳಿಕ ಅಣ್ವಸ್ತ್ರಗಳ ಹರಡುವಿಕೆಯನ್ನು ತಡೆಯಲು ಜೀವಮಾನವೆಲ್ಲ ಶ್ರಮಿಸಿದರು. ಲೋಕ ತಮ್ಮನ್ನು ನೆನೆಯುವುದಾದರೆ ಆ ಕೆಲಸಕ್ಕಾಗಿ ನೆನೆಯಲೆಂಬುದು ಅವರ ಆಸೆ. ಲೋಕ ಚೆಂಡನ್ನೇ ನೆನೆಯಿತು.

ಬಿದಿರು ಹೂ ಬಿಟ್ಟಾಗ

ಬಿದಿರು ಹೂ ಬಿಟ್ಟರೆ ಬರಗಾಲವೆಂಬ ಮಾತು ನಮ್ಮ ಮಲೆನಾಡಿನಲ್ಲೂ ಉಂಟು. ಮಿಜೋರಾಮಿನ ಗುಡ್ಡಗಳಲ್ಲಿ ಬೆಳೆಯುವ ಒಂದು ಜಾತಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಒಟ್ಟಿಗೆ ಹೂ ಬಿಟ್ಟು, ಕಾಯಿ ಉದುರಿಸಿ, ಸಾಯುತ್ತದೆ. ಆ ಕಾಯಿಗಳನ್ನು ತಿಂದು ಇಲಿಗಳು ಮಿತಿಮೀರಿ ಹೆಚ್ಚುತ್ತವೆ; ಕಾಯಿ ಮುಗಿದೊಡನೆ ಬತ್ತದ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. ಮಿಜೋ ಜನ ಇದನ್ನು ‘ಮೌತಾಮ್’ ಎನ್ನುತ್ತಾರೆ. ಲೆಕ್ಕ ಬಲ್ಲ ಹಿರಿಯರ ಮಾತಿನ ಮೇಲೆ ಅಲ್ಲಿಯ ಜಿಲ್ಲಾ ಮಂಡಲಿ 1958ರಲ್ಲಿಯೇ ಅಸ್ಸಾಂ ಸರ್ಕಾರವನ್ನು ಎಚ್ಚರಿಸಿ ನೆರವು ಬೇಡಿತು. ಅದು ಬರಿಯ ಮೂಢನಂಬಿಕೆಯೆಂದು ಸರ್ಕಾರ ತಳ್ಳಿಹಾಕಿತು. 1959ರಲ್ಲಿ ಬಿದಿರು ಹೂ ಬಿಟ್ಟಿತು, ಇಲಿ ಬಂದಿತು, ಕ್ಷಾಮ ಬಂದಿತು. ಹಸಿದವರಿಗೆ ಅಕ್ಕಿ ಹೊತ್ತು ತಂದ ಕ್ಷಾಮ ಪರಿಹಾರ ಸಂಘವೇ 1961ರಲ್ಲಿ ರಾಜಕೀಯ ಪಕ್ಷವಾಯಿತು. 1966ರಲ್ಲಿ ಅದು ಬಂಡೆದ್ದಿತು. ಶಾಂತಿಯ ಒಪ್ಪಂದಕ್ಕೆ ಸಹಿ ಬಿದ್ದುದು 1986ರಲ್ಲಿ.

2007ರ ಸುಮಾರಿಗೆ ಬಿದಿರು ಮತ್ತೆ ಅರಳಿತು. ಈ ಬಾರಿ ಸರ್ಕಾರ ಮುಂಚಿತವಾಗಿಯೇ ಸಿದ್ಧತೆ ನಡೆಸಿ, ಇಲಿಯ ಬಾಲ ತಂದೊಪ್ಪಿಸಿದವರಿಗೆ ಹಣವನ್ನೂ ಕೊಟ್ಟಿತು. ಪೈರು ಬಹುಪಾಲು ಇಲಿಗಳ ಪಾಲಾದರೂ ಹಿಂದಿನಂಥ ಘೋರ ವಿಪತ್ತು ಒದಗಲಿಲ್ಲ.

ಮರದ ಶಾವಿಗೆಯನ್ನು ನಂಬಿದವರು ಕಳೆದುಕೊಂಡುದು ಒಂದು ಟೆಲಿಫೋನ್ ಕರೆಯ ಖರ್ಚು. ಬಿದಿರಿನ ಹೂವನ್ನು ನಂಬದಿದ್ದುದಕ್ಕೆ ತೆತ್ತ ಬೆಲೆಯ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು.